ಅತ್ತೆಯ ಅಳತೆ

ಮೊಮ್ಮಗಳು ಗುಬ್ಬಿ ಬರೆದಿದ್ದು ಒಂದೇ ಪುಟ. ಭಾನುವಾರ ಮಧ್ಯಾಹ್ನ, ಮೇಜಿನ ಮೇಲೆ ಅನ್ನ, ಬೇಳೆ, ಸೌತೆಕಾಯಿ ಹೋಳುಗಳೆಲ್ಲ ಇನ್ನೂ ಇದ್ದಾಗಲೇ ಅವಳು ಅದನ್ನು ಗಟ್ಟಿಯಾಗಿ ಓದತೊಡಗಿದಳು. ಅವಳ ಅಮ್ಮನ ಪಿಂಗಾಣಿ ಕೃತಿಗಳ ಮೊದಲ ಪ್ರದರ್ಶನಕ್ಕೆ ಆರು ವಾರ ಉಳಿದಿತ್ತು. ಕಲಾವಿದೆಯ ಹಿನ್ನೆಲೆ ಏನು, ಕೃತಿಗಳ ವಿಷಯ ಏನು, ಎರಡನ್ನೂ ಒಂದು ಪುಟದಲ್ಲಿ ಬರೆದು ಕಳಿಸಿ ಎಂದು ಗ್ಯಾಲರಿಯವರು ಕೇಳಿದ್ದರು.

“‘ಬಾಲ್ಯದಿಂದಲೂ ಮಣ್ಣಿನೊಂದಿಗೆ ಮಾತನಾಡುತ್ತಾ ಬೆಳೆದ ಈ ಕಲಾವಿದೆ...’”

“ನಾನು ಯಾವಾಗ ಮಣ್ಣಿನ ಜೊತೆ ಮಾತಾಡ್ದೆ?” ಎಂದಳು ಅವಳ ಅಮ್ಮ, ಆ ಮನೆಯ ಸೊಸೆ.

“ಅಮ್ಮ, ಇಂಥದ್ದನ್ನ ಹೀಗೇ ಬರೀಬೇಕು. ಎಲ್ಲರೂ ಹೀಗೇ ಬರೀತಾರೆ.”

“ಹತ್ತೊಂಬತ್ತು ವರ್ಷ ಕಮೋಡು, ವಾಶ್‌ಬೇಸಿನ್ನು ಮಾಡೋ ಕಾರ್ಖಾನೇಲಿ ದುಡಿದೋಳು ಅಂತ ಬರಿ.”

“ಕಮೋಡು ಅಂತ ಬರೆಯೋಕಾಗುತ್ತಾ?”

“ಯಾಕೆ, ಗ್ಯಾಲರಿಯೋರ ಮನೇಲಿ ಅದಿಲ್ವಾ?” ಎಂದರು ಅತ್ತೆ. ಮಗ ನಕ್ಕ, ಬಾಯಲ್ಲಿದ್ದ ಅನ್ನ ನೆತ್ತಿಗೇರಿ ಕೆಮ್ಮಿದ. ಎಲ್ಲರೂ ನಗುತ್ತಿದ್ದರು. ಮೊಮ್ಮಗಳು ಅದೇ ಉತ್ಸಾಹದಲ್ಲಿ ಎರಡನೇ ಪ್ಯಾರಾಕ್ಕೆ ಹೋದಳು.

“‘ಪಾರ್ಶ್ವವಾಯು ಪೀಡಿತ ವೃದ್ಧೆಯೊಬ್ಬರ ಶಕ್ತಿಗುಂದಿದ ಕೈಯ ಗುರುತುಗಳನ್ನು ಹೊತ್ತ ಈ ಇಪ್ಪತ್ತನಾಲ್ಕು ಲೋಟಗಳು...’”

ಅತ್ತೆ ಎಡಗೈಯಲ್ಲಿದ್ದ ಚಮಚವನ್ನು ತಟ್ಟೆಯಲ್ಲಿಟ್ಟರು. “ಯಾರು ಆ ವೃದ್ಧೆ?”

ಮೊಮ್ಮಗಳು ಕಾಗದ ಮಡಿಸತೊಡಗಿದಳು.

“ಗುಬ್ಬೀ, ನಿನ್ನನ್ನೇ ಕೇಳಿದ್ದು. ಯಾರದು?”

“ನೀನೇ ಅಜ್ಜಿ.”

ಅತ್ತೆ ಸೊಸೆಯ ಕಡೆ ತಿರುಗಿದರು. “ಆ ಲೋಟ ನಾನು ಚಹಾ ಕುಡಿಯೋಕೆ ಅಂತ ಮಾಡಿದ್ದು ತಾನೆ?”

“ಹೌದತ್ತೆ, ಅದಕ್ಕೇ ಮಾಡಿದ್ದು. ಆಮೇಲೆ ಗ್ಯಾಲರಿಯವರು ನೋಡಿ, ಎಲ್ಲಾನೂ ಸಾಲಾಗಿ ಇಡೋಣ ಅಂದ್ರು. ನಿಮಗೆ ಹೇಳಬೇಕು ಅಂತಾನೇ ಇದ್ದೆ.”

“ನನ್ನ ಸೊಟ್ಟ ಕೈ ನೋಡೋಕೆ ಊರ ಜನ ಬರ್ತಾರೆ ಅನ್ನು.”

“ಹಾಗಲ್ಲತ್ತೆ...”

“ಮತ್ತೆ ಹೇಗೆ? ಒಂದೂ ಈ ಮನೆ ಹೊಸ್ತಿಲು ದಾಟಕೂಡದು. ಮುಗೀತು.” ಅವರು ಕುರ್ಚಿಯ ಹಿಡಿಕೆ ಒತ್ತಿ ಎದ್ದರು. ತಟ್ಟೆಯಲ್ಲಿ ಅರ್ಧ ಅನ್ನ ಹಾಗೆಯೇ ಉಳಿಯಿತು.

ಅತ್ತೆಯನ್ನು ಆ ಬೀದಿಯವರು ಕರೆಯುತ್ತಿದ್ದುದು ಟೈಲರಮ್ಮ ಎಂದು. ನಲವತ್ತೆರಡು ವರ್ಷ ಅವರು ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ನಡೆಸಿದ್ದರು. ಕೋಟಿನ ಕಾಲರಿಗೂ ಶಾಲೆಯ ಸಮವಸ್ತ್ರಕ್ಕೂ ಒಂದೇ ಶ್ರದ್ಧೆ. ಎಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಬಲಗೈಯಿಂದ ಬ್ರಷ್ಷು ಜಾರಿತು. ಆಸ್ಪತ್ರೆಯಿಂದ ಬರುವಾಗ ಕಾಲು ನೆಟ್ಟಗಿತ್ತು, ಮಾತು ನೆಟ್ಟಗಿತ್ತು. ಬಲಗೈಯ ಬೆರಳು ಮಾತ್ರ ಒಳಗೆ ಮಡಚಿಕೊಂಡು, ಬೇಕಾದಾಗ ಬಿಚ್ಚುತ್ತಿರಲಿಲ್ಲ, ಬೇಕಾದಷ್ಟು ಮುಚ್ಚುತ್ತಲೂ ಇರಲಿಲ್ಲ. ಸ್ಟೀಲ್ ಲೋಟ ದಿನಕ್ಕೆರಡು ಸಲ ನೆಲಕ್ಕೆ ಬೀಳುತ್ತಿತ್ತು. ಎರಡು ಬೀದಿ ಆಚೆ ಇರುವ ಮಗಳು ಮುಚ್ಚಳಕ್ಕೆ ಮೂತಿ ಇರುವ ಪ್ಲಾಸ್ಟಿಕ್ ಲೋಟ ತಂದುಕೊಟ್ಟಳು. ಅದರ ಮೇಲೆ ಬಾತುಕೋಳಿಯ ಚಿತ್ರವಿತ್ತು. “ನಾನೇನು ತೊಟ್ಟಿಲ ಕೂಸಾ?” ಎಂದು ಅತ್ತೆ ಅದನ್ನು ಮುಟ್ಟಲಿಲ್ಲ.

ಆಗ ಸೊಸೆ ಹಿತ್ತಿಲ ಕೋಣೆಯಿಂದ ಒಂದು ಮುದ್ದೆ ಹಸಿ ಮಣ್ಣು ತಂದಳು. “ಅತ್ತೆ, ಇದನ್ನ ಲೋಟದ ಹಿಡಿಕೆ ಅಂದ್ಕೊಂಡು ಹಿಡೀರಿ. ಬಲಗೈಲಿ. ಎಷ್ಟಾಗುತ್ತೋ ಅಷ್ಟು.”

ಬೆರಳುಗಳು ಎಲ್ಲಿ ಒತ್ತಿದವೋ ಅಲ್ಲಿ ಗುಳಿ, ಎಲ್ಲಿ ಒತ್ತಲಾರದೆ ಹೋದವೋ ಅಲ್ಲಿ ಉಬ್ಬು. ಆ ಮುದ್ದೆ ಅರ್ಧ ಒಣಗಿದ ಮೇಲೆ ಸೊಸೆ ಅದನ್ನು ಉದ್ದಕ್ಕೆ ಸೀಳಿ, ಒಳಗಿನ ಮಣ್ಣು ಕೆತ್ತಿ ತೆಗೆದು, ಮತ್ತೆ ಜೋಡಿಸಿ, ಒಂದು ಲೋಟಕ್ಕೆ ಹಿಡಿಕೆಯಾಗಿ ಅಂಟಿಸಿದಳು. ಆದರೆ ಸುಟ್ಟ ಮೇಲೆ ಅದು ಅತ್ತೆಯ ಕೈಗೆ ಚಿಕ್ಕದಾಯಿತು. ಈ ಮಣ್ಣು ಒಣಗಿ ಸುಡುವಷ್ಟರಲ್ಲಿ ನೂರಕ್ಕೆ ಹನ್ನೆರಡು ಭಾಗ ಕುಗ್ಗುತ್ತದೆ. ಕಾರ್ಖಾನೆಯಲ್ಲಿ ಅದಕ್ಕೆಂದೇ ಅಚ್ಚುಗಳನ್ನು ದೊಡ್ಡದಾಗಿ ಮಾಡುತ್ತಿದ್ದರು. ಕೈಯನ್ನು ದೊಡ್ಡದು ಮಾಡುವುದು ಹೇಗೆ ಎಂದು ಸೊಸೆ ಯೋಚಿಸುತ್ತಿದ್ದಾಗ ಅತ್ತೆಯೇ ದಾರಿ ಹೇಳಿದರು.

“ಒಗೆದ್ರೆ ಕುಗ್ಗೋ ಬಟ್ಟೆಗೆ ನಾವು ಮೊದಲೇ ಬಿಟ್ಟು ಹೊಲೀತೀವಲ್ಲ, ಹಾಗೇ. ಕೈಗೊಂದು ದಪ್ಪ ಬಟ್ಟೆ ಕವಚ ಹಾಕು.”

ಹಳೆಯ ಹೊದಿಕೆಯ ತುಂಡು ಕತ್ತರಿಸಿ, ಅಜ್ಜಿ ಗದರುತ್ತ, ಮೊಮ್ಮಗಳು ತಪ್ಪು ಹೊಲಿದು ಬಿಚ್ಚುತ್ತ, ಕೊನೆಗೆ ಐದು ಬೆರಳಿನ ಕವಚ ತಯಾರಾಯಿತು. ಅದನ್ನು ತೊಟ್ಟು ಹಿಸುಕಿದ ಹಿಡಿಕೆ ಸುಟ್ಟ ಮೇಲೆ ಅತ್ತೆಯ ಕೈಗೆ ಸರಿಯಾಗಿ ಕೂತಿತು. ಕೈ ವಾರದಿಂದ ವಾರಕ್ಕೆ ಬದಲಾಗುತ್ತಿದ್ದುದರಿಂದ ವಾರಕ್ಕೊಂದು ಹೊಸ ಲೋಟ. ಹೀಗೆ ಇಪ್ಪತ್ತನಾಲ್ಕಾಯಿತು. ಎಲ್ಲದರ ತಳದಲ್ಲೂ ಸೊಸೆ ಸಂಖ್ಯೆ, ತಾರೀಖು ಕೊರೆದಿದ್ದಳು.

ಸಂಖ್ಯೆ ಕೊರೆಯುವುದು ಕಾರ್ಖಾನೆಯ ಅಭ್ಯಾಸ. ಅಲ್ಲಿ ಆರು ವರ್ಷ ಅವಳು ಪ್ಲಾಸ್ಟರ್ ಅಚ್ಚುಗಳಿಗೆ ಮಣ್ಣಿನ ಗಂಜಿ ಹುಯ್ದಳು. ಉಳಿದ ಹದಿಮೂರು ವರ್ಷ ತಪಾಸಣೆ ವಿಭಾಗ. ಮರದ ಪುಟ್ಟ ಸುತ್ತಿಗೆಯಿಂದ ಬೇಸಿನ್ನಿಗೆ ಬಡಿದು ಸದ್ದು ಕೇಳುವುದು ಕೆಲಸ. ಖಣ್ ಎಂದರೆ ಪಾಸು, ಡಬ್ ಎಂದರೆ ಎಲ್ಲೋ ಕಾಣದ ಬಿರುಕು. ಆ ಕೆಲಸಕ್ಕೆ ಯಂತ್ರ ಬಂದಾಗ ಅವಳು ಬಿಟ್ಟಳು. ಬಂದ ಹಣದಲ್ಲಿ ಯಾರೋ ಬಳಸಿ ಬಿಟ್ಟ ವಿದ್ಯುತ್ ಭಟ್ಟಿಯೊಂದನ್ನು ಕೊಂಡಳು. ಮೊದಲು ಮಾಡಿದ್ದು ಅಂಗೈ ಅಗಲದ ಬೇಸಿನ್ನುಗಳು. ಹದಿಮೂರು ವರ್ಷ ತಾನು ತಳ್ಳಿಹಾಕಿದ ಎಲ್ಲ ದೋಷಗಳನ್ನು, ಸೂಜಿ ತೂತು, ಸೊಟ್ಟ ಅಂಚು, ಕೂದಲೆಳೆ ಬಿರುಕು, ಬೇಸಿನ್ನಿಗೊಂದರಂತೆ ಬೇಕೆಂದೇ ಮಾಡಿದ್ದಳು. ಕಾರ್ಮಿಕರ ಕ್ಲಬ್ಬಿನಲ್ಲಿ ಅವುಗಳನ್ನು ನೋಡಿದ ಗ್ಯಾಲರಿಯ ಮೇಡಂ ಮನೆಗೆ ಬಂದು, ಅಡುಗೆಮನೆಯ ಕಪಾಟಿನಲ್ಲಿ ಸಾಲಾಗಿದ್ದ ಲೋಟಗಳ ಮುಂದೆ ನಿಂತುಬಿಟ್ಟಿದ್ದರು. ಅಂದು ಅತ್ತೆ ಆಸ್ಪತ್ರೆಗೆ ತಪಾಸಣೆಗೆ ಹೋಗಿದ್ದರು.

ಸೋಮವಾರ ಬೆಳಿಗ್ಗೆ ಅತ್ತೆ ಬಟ್ಟಲು ಕೇಳಿದರು. ಚಹಾವನ್ನು ಬಟ್ಟಲಿಗೆ ಹುಯ್ಸಿಕೊಂಡು ಎರಡೂ ಕೈಗಳ ನಡುವೆ ಇಟ್ಟುಕೊಂಡು ಕುಡಿದರು. ಅರ್ಧ ಮಡಿಲಿಗೆ ಚೆಲ್ಲಿತು.

“ಅಮ್ಮ, ಲೋಟ ಇದೆಯಲ್ಲ,” ಎಂದ ಮಗ. ಅವನು ಲಿಫ್ಟ್ ರಿಪೇರಿ ಮಾಡುವವನು. ಏಳೂವರೆಗೆ ಮನೆ ಬಿಡಬೇಕಿತ್ತು, ಅದಕ್ಕೂ ಮುಂಚೆ ಬಟ್ಟೆ ಒಗೆದು ಹಾಕುವುದು ಅವನ ಪಾಲಿನ ಕೆಲಸ.

“ಅದು ಪ್ರದರ್ಶನದ ಲೋಟ. ಅದರಲ್ಲಿ ಚಹಾ ಕುಡಿದ್ರೆ ಕಲೆಯಾಗುತ್ತೆ.”

“ಸೀರೆ ಮೇಲಾದ್ರೆ ಪರವಾಗಿಲ್ವಾ? ಒಗೆಯೋನು ನಾನು.”

“ಒಗಿ. ನಿನ್ನ ಹೇಸಿಗೆ ಬಟ್ಟೆ ನಾನೆಷ್ಟು ವರ್ಷ ಒಗೆದೆ.”

ಸೊಸೆ ಬ್ರೆಡ್ಡು ಸುಡುತ್ತಿದ್ದಳು. ಒಲೆ ಆರಿಸಿ ಬಂದು ಅತ್ತೆಯ ಎದುರು ಕೂತಳು. “ಅತ್ತೆ, ಮೊದಲು ಕೇಳಬೇಕಿತ್ತು. ಕೇಳಲಿಲ್ಲ. ನನ್ನ ತಪ್ಪು. ಈಗ ಕೇಳ್ತೀನಿ. ಲೋಟ ಕಳಿಸಲಾ?”

“ಬೇಡ.”

“ಸರಿ. ನಿಮ್ಮನ್ನ ಕೇಳದೆ ಒಂದೂ ಕಳಿಸಲ್ಲ. ಆದ್ರೆ ದಿನಾ ಕೇಳ್ತೀನಿ.”

“ಕೇಳು. ಬಾಯಿ ನಿಂದು.”

ಮಂಗಳವಾರ ಕೇಳಿದಳು. ಬೇಡ. ಬುಧವಾರ ಕೇಳಿದಳು. ಬೇಡ. ಗುರುವಾರ ಅತ್ತೆ ಸ್ನಾನದ ಮನೆಯಲ್ಲಿದ್ದರು. ಬಾಗಿಲಾಚೆಯಿಂದಲೇ “ಬೇಡ ಅಂದೆ!” ಎಂಬ ಸದ್ದು ಬಂತು. ಸೊಸೆ ಇನ್ನೂ ಬಾಯಿ ತೆರೆದಿರಲಿಲ್ಲ.

ಶುಕ್ರವಾರ ಸಂಜೆ ನಾದಿನಿ ಬಂದಳು. ಒಂದು ಡಬ್ಬಿ ಸೂಪು ತಂದಿದ್ದಳು. ಚಪ್ಪಲಿ ಬಿಡುವ ಮೊದಲೇ ಶುರುವಾಯಿತು.

“ಅತ್ತಿಗೆ, ಮಾದರಿಗೆ ಕೈ ಬೇಕಿದ್ರೆ ನಿಮ್ಮಮ್ಮನದು ಇರಲಿಲ್ವಾ? ನಮ್ಮಮ್ಮನದೇ ಆಗಬೇಕಿತ್ತಾ?”

“ನಮ್ಮಮ್ಮನ ಕೈ ಗಟ್ಟಿಯಾಗಿದೆ. ನಾನು ದಿನಾ ಚೆಲ್ಲಿದ ಚಹಾ ಒರೆಸಿದ್ದು ಈ ಮನೇಲಿ.”

“ಅದನ್ನೇ ಹೇಳಿದ್ದು. ನೋಡ್ಕೊಂಡೆ, ನೋಡ್ಕೊಂಡೆ ಅಂತ ಊರಿಗೆಲ್ಲ ಬೋರ್ಡ್ ಹಾಕಿ ತೋರಿಸ್ಬೇಕಾ? ಮಗಳು ಏನ್ಮಾಡ್ತಿದ್ಲು ಅಂತ ಜನ ಕೇಳಲ್ವಾ?”

“ಕೇಳಿದ್ರೆ ಸೂಪು ತಂದುಕೊಟ್ಲು ಅಂತೀನಿ.”

“ನೋಡಮ್ಮಾ, ಹೇಗೆ ಮಾತಾಡ್ತಾರೆ!”

ಅತ್ತೆ ಕಿಟಕಿಯ ಬಳಿ ಫಿಸಿಯೋ ಹುಡುಗಿ ಕೊಟ್ಟ ರಬ್ಬರ್ ಚೆಂಡು ಹಿಸುಕುತ್ತಿದ್ದರು. “ನನಗೂ ಅವಳಿಗೂ ಇರೋ ಜಗಳ ಇದು. ನೀನು ಮಧ್ಯ ಬಂದು ಒಗ್ಗರಣೆ ಹಾಕ್ಬೇಡ. ನಿನ್ನ ಬಾತುಕೋಳಿ ಲೋಟ ಕಪಾಟಿನಲ್ಲಿದೆ, ಹೋಗ್ತಾ ತಗೊಂಡು ಹೋಗು.”

ನಾದಿನಿ ಹೋದ ಮೇಲೆ ಅವರು ಸೂಪು ಕುಡಿದರು, ಬಟ್ಟಲಿನಲ್ಲಿಯೇ. ಬಟ್ಟಲು ಕೆಳಗಿಟ್ಟು ಸೊಸೆಗೆ ಹೇಳಿದರು: “ನಲವತ್ತೆರಡು ವರ್ಷದಲ್ಲಿ ಒಂದು ಬಟ್ಟೆನೂ ನಾನು ನೂಲು ನೇತಾಡೋ ಹಾಗೆ ಹೊರಗೆ ಕಳಿಸಿಲ್ಲ. ಒಳ ಹೊಲಿಗೆ ಕೂಡ ನೆಟ್ಟಗಿರ್ತಿತ್ತು, ಯಾರೂ ನೋಡಲ್ಲ ಅಂತ ಗೊತ್ತಿದ್ರೂ. ಈಗ ಈ ಕೈ ಹಿಸುಕಿದ್ದನ್ನ ಗಾಜಿನ ಪೆಟ್ಟಿಗೇಲಿಡ್ತೀಯ. ನೋಡ್ದೋರು ಏನಂತಾರೆ? ಟೈಲರಮ್ಮ ಕೊನೆಗೆ ಮಾಡಿದ ಕೆಲಸ ಇದು ಅಂತಾರೆ.”

“ಕೆಲಸ ಮಾಡಿದ್ದು ನಾನಲ್ವಾ ಅತ್ತೆ?”

“ಹಿಡಿಕೆ ಮಾಡಿದ್ದು ಯಾರು?”

ಸೊಸೆ ಖಾಲಿ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ಎರಡನೇ ವಾರವೂ ಹಾಗೇ ಕಳೆಯಿತು. ಹದಿನಾರು ಲೋಟ ಸುಟ್ಟು ಮುಗಿದಿತ್ತು. ಭಟ್ಟಿ ತುಂಬುವಷ್ಟಾಗಲಿ ಎಂದು ಕೊನೆಯ ಎಂಟನ್ನು ಇನ್ನೂ ಸುಟ್ಟಿರಲಿಲ್ಲ. ಅವುಗಳ ಮೈಗೆ ಹೊಳಪಿನ ಲೇಪ ಬಳಿದು, ಹಿಡಿಕೆಯನ್ನು ಮಾತ್ರ ಬರಿ ಮಣ್ಣಾಗಿ ಬಿಟ್ಟು, ಸೊಸೆ ಹಿತ್ತಿಲ ಕೋಣೆಯ ಹಲಗೆಯ ಮೇಲೆ ಒಣಗಲಿಟ್ಟಿದ್ದಳು. ಮೊದಲು ಒಂದು ಸಲ ಸುಟ್ಟು ಆಮೇಲೆ ಲೇಪ ಹಚ್ಚಿ ಮತ್ತೆ ಸುಡುವವರೇ ಹೆಚ್ಚು. ಅವಳದು ಕಾರ್ಖಾನೆಯ ಪದ್ಧತಿ, ಒಂದೇ ಸಲ ಸುಡುವುದು. ಪ್ರದರ್ಶನಕ್ಕೆ ಹೋಗಲಿ ಬಿಡಲಿ, ಮಾಡಿದ ಲೋಟವನ್ನು ಹಸಿಯಾಗಿ ಬಿಡುವವಳಲ್ಲ ಅವಳು.

ಮೂರನೇ ವಾರದ ಬುಧವಾರ ಅವಳು ಎಂದಿನಂತೆ ಕೇಳಿದಳು. ಅತ್ತೆ ಬೇಡ ಎನ್ನಲಿಲ್ಲ. “ಚಹಾಗೆ ಸಕ್ಕರೆ ಕಮ್ಮಿ,” ಎಂದರು.

“ಅತ್ತೆ ಬೇಡ ಅನ್ನಲಿಲ್ಲ, ಕೇಳಿಸ್ತಾ?” ಎಂದು ಸೊಸೆ ಗಂಡನ ಹಿಂದೆ ಬಾಗಿಲ ತನಕ ಹೋದಳು.

“ಹೂಂ ಅಂತಾನೂ ಅನ್ನಲಿಲ್ಲ.”

“ಹದಿನೇಳು ದಿನದಲ್ಲಿ ಮೊದಲ ಸಲ ರೀ.”

“ಕೊನೇವರೆಗೂ ಒಪ್ಪದಿದ್ರೆ?”

“ನನ್ನ ಬೇಸಿನ್ನುಗಳನ್ನ ಇಡ್ತೀನಿ. ಆದ್ರೆ ಒಪ್ಪಿಸ್ತೀನಿ.”

ಗುರುವಾರ ಸಕ್ಕರೆ ಸರಿಯಾಗಿತ್ತು, ಆದರೂ ಉತ್ತರ ಬರಲಿಲ್ಲ. ಮುಂದಿನ ಸೋಮವಾರ ಗ್ಯಾಲರಿಯಿಂದ ಕರೆ ಬಂತು. ಮಂಗಳವಾರ ಹಾಲ್ ಖಾಲಿ ಇರುತ್ತೆ, ಬಂದು ಅಳತೆ ನೋಡಿಕೊಂಡು ಹೋಗಿ ಎಂದರು. ಬಸ್ಸಿನಲ್ಲಿ ಹೋಗಿ ಬರಲು ಇಡೀ ದಿನ ಬೇಕು. ಅದೇ ದಿನ ಭಟ್ಟಿ ಹಚ್ಚಬೇಕಿತ್ತು. ಯಾವ ಲೋಟ ಎಲ್ಲಿಡಬೇಕು ಎಂದು ಸೊಸೆ ಒಂದು ಹಾಳೆಯಲ್ಲಿ ಚಿತ್ರ ಬರೆದು ಗಂಡನ ಕೈಗೆ ಕೊಟ್ಟಳು. ಅವನು ರಜೆ ಹಾಕಿ, ಮಗಳ ಜೊತೆ ಸೇರಿ, ಚಿತ್ರದಲ್ಲಿದ್ದಂತೆಯೇ ಎಂಟನ್ನೂ ಜೋಡಿಸಿ ಭಟ್ಟಿಯ ಬಾಗಿಲು ಮುಚ್ಚಿದ. ಬೆಳಿಗ್ಗೆ ಆರರಿಂದ ಸಂಜೆಯ ತನಕ ಶಾಖ ಏರಿತು.

ಬುಧವಾರ ಸಂಜೆ ನಾಲ್ಕಕ್ಕೆ ಸೊಸೆ ಬಾಗಿಲು ತೆರೆದಳು. ಒಳಗೆ ಇನ್ನೂ ಬೆಚ್ಚಗಿತ್ತು. ಮೊದಲ ಲೋಟದ ಕೆಳಗೆ ಹಕ್ಕಳೆಯಂಥ ಮಣ್ಣಿನ ಚೂರುಗಳು ಬಿದ್ದಿದ್ದವು. ಎರಡನೆಯದರ ಹಿಡಿಕೆ ಎರಡು ಹೋಳಾಗಿತ್ತು. ಅವಳು ಒಂದೊಂದನ್ನೇ ತೆಗೆದು ಮೇಜಿನ ಮೇಲಿಟ್ಟು, ಮರದ ಸುತ್ತಿಗೆಯಿಂದ ತಟ್ಟಿದಳು. ಡಬ್. ಡಬ್. ಡಬ್. ಎಂಟರಲ್ಲಿ ಎರಡು ಮಾತ್ರ ಖಣ್ ಎಂದವು. ಸಂಖ್ಯೆ ನೋಡಿದಳು: ಇಪ್ಪತ್ತಮೂರು, ಇಪ್ಪತ್ತನಾಲ್ಕು.

ಒಂದು ಚೂರನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಒಂದು ಬದಿ ನುಣುಪು, ಇನ್ನೊಂದು ಬದಿ ಬೆರಳಿನ ಗುಳಿಯ ಆಕಾರ. “ಯಾರೋ ಇದಕ್ಕೆ ತೇಪೆ ಹಾಕಿದ್ದಾರೆ,” ಎಂದಳು. ದನಿ ಏರಿರಲಿಲ್ಲ. “ಒಣಗಿದ ಹಿಡಿಕೆಗೆ ಹಸಿ ಮಣ್ಣು ಮೆತ್ತಿದ್ದಾರೆ. ಎರಡೂ ಒಂದೇ ಸಮ ಕುಗ್ಗಲ್ಲ, ಬಿರಿಯುತ್ತೆ. ರೀ, ನೀವು ಜೋಡಿಸುವಾಗ ನೋಡಲಿಲ್ವಾ?”

“ನೋಡ್ದೆ. ತುಂಬಾ ನೀಟಾಗಿತ್ತು. ನೀನೇ ಮಾಡಿದ್ದು ಅಂದ್ಕೊಂಡೆ.”

“ಆ ಗುಳಿ ಮುಚ್ಚಿ ನಾನು ನೀಟು ಮಾಡ್ತೀನಾ?”

“ನನಗೇನು ಗೊತ್ತು, ನಾನು ಲಿಫ್ಟಿನೋನು! ಗುಬ್ಬೀ, ನೀನೇನಾದ್ರೂ...”

“ನಾನಾ? ನಾನೊಬ್ಬಳೇ ಆ ಕೋಣೆಗೆ ಹೋದ್ರೆ ಅಮ್ಮ ಕೂಗ್ತಾರೆ.”

“ಅವಳನ್ನ ಯಾಕೆ ಕೇಳ್ತೀಯ?” ಅತ್ತೆ ಬಾಗಿಲಲ್ಲಿ ನಿಂತಿದ್ದರು. “ನಾನೇ. ದಿನಾ ಮಧ್ಯಾಹ್ನ, ಇವಳು ಮಾರ್ಕೆಟ್ಟಿಗೆ ಹೋದಾಗ. ಆ ಬಕೆಟ್ಟಿನ ಮಣ್ಣು ತಗೊಂಡು, ಎಡಗೈಲಿ. ಚಮಚದ ಬೆನ್ನಿಂದ ತೀಡಿ, ಒದ್ದೆ ಬಟ್ಟೇಲಿ ಒರೆಸ್ದೆ. ಒಂದೊಂದಕ್ಕೆ ಒಂದು ಮಧ್ಯಾಹ್ನ ಹಿಡೀತು. ಕೊನೇ ಎರಡಕ್ಕೆ ಕೈ ಹಚ್ಚೋಷ್ಟರಲ್ಲಿ ಒಳಗೆ ಹೋಗ್ಬಿಟ್ವು.”

“ಯಾಕತ್ತೆ?”

“ಕಳಿಸೋದೇ ಆದ್ರೆ ನೆಟ್ಟಗಿರೋದನ್ನ ಕಳಿಸು ಅಂತ. ಒಪ್ಪಿಸೋ ತನಕ ನೀನಂತೂ ಬಿಡಲ್ಲ.”

ಸೊಸೆ ಕೈಯಲ್ಲಿದ್ದ ಸುತ್ತಿಗೆಯನ್ನು ಮೇಜಿನ ಮೇಲೆ ಕುಕ್ಕಿದಳು. “ಆರು ಲೋಟ ಅತ್ತೆ! ಆರು ವಾರದ ಕೆಲಸ. ನಿಮ್ಮ ಕೈ ಆ ವಾರ ಹೇಗಿತ್ತೋ ಹಾಗೆ ಇನ್ನೊಂದು ಸಲ ಬರುತ್ತಾ? ಹೇಳಿ, ಬರುತ್ತಾ? ಕಾರ್ಖಾನೇಲಿ ಬಿರುಕು ಬಿಟ್ಟ ಬೇಸಿನ್ನು ಸಿಕ್ಕಿದ್ರೆ ಪಕ್ಕಕ್ಕೆ ಇಡ್ತಿದ್ವಿ, ಅಷ್ಟೆ. ತೇಪೆ ಹಾಕಿ ಮುಚ್ಚಿದ್ದು ಸಿಕ್ಕಿದ್ರೆ ಹಾಕಿದೋನ ಕೆಲಸ ಹೋಗ್ತಿತ್ತು. ಯಾಕೆ ಗೊತ್ತಾ? ಅದು ಯಾರದೋ ಮನೆಗೆ ಹೋಗಿ, ಬಿಸಿನೀರು ಬಿಟ್ಟ ದಿನ ಬಾಯಿ ಬಿಡುತ್ತೆ.”

“ನನಗೆ ನಿನ್ನ ಕಾರ್ಖಾನೆ ಪಾಠ ಹೇಳ್ಬೇಡ. ನಿನ್ನ ಕೈ ಹೀಗಾಗಿ, ಅದನ್ನ ನಾಲ್ಕು ಜನರ ಮುಂದೆ ಇಟ್ಟ ದಿನ ನಿನಗೆ ಗೊತ್ತಾಗುತ್ತೆ.”

“ಗೊತ್ತಾಗಲಿ. ಆದ್ರೆ ನನ್ನ ಕೆಲಸಕ್ಕೆ ಕೈ ಹಾಕೋಕೆ ಮುಂಚೆ ಕೇಳಬೇಕಿತ್ತು.”

“ನೀನು ನನ್ನ ಕೇಳಿದ್ಯಾ?”

ಭಟ್ಟಿಯ ಬಾಗಿಲು ತಣ್ಣಗಾಗುತ್ತ ಟಿಕ್ ಟಿಕ್ ಎನ್ನುತ್ತಿತ್ತು. ಮೊಮ್ಮಗಳು ಅಪ್ಪನ ತೋಳು ಹಿಡಿದುಕೊಂಡಳು.

“ಇಲ್ಲ,” ಎಂದಳು ಸೊಸೆ. “ಕೇಳಲಿಲ್ಲ. ಅದನ್ನ ಅವತ್ತೇ ಒಪ್ಪಿದ್ದೀನಿ. ನಾಳೆಯಿಂದ ಇನ್ನು ಕೇಳಲ್ಲ. ಗ್ಯಾಲರಿಗೆ ಬೇಸಿನ್ನು ಕಳಿಸ್ತೀನಿ. ಲೋಟ ಎಲ್ಲಾ ನಿಮ್ಮವು, ಬೇಕಾದ್ರೆ ಬಳಸಿ, ಬೇಡದಿದ್ರೆ ಒಡೆದು ಹಾಕಿ.”

ಅವಳು ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚತೊಡಗಿದಳು. ಆಲೂಗಡ್ಡೆ ಪಲ್ಯಕ್ಕೆ ಉಪ್ಪು ಎರಡು ಸಲ ಬಿತ್ತು. ಯಾರೂ ಆ ಮಾತೆತ್ತದೆ ಊಟ ಮಾಡಿದರು.

ಗುರುವಾರ ಬೆಳಿಗ್ಗೆ ಸೊಸೆ ಚಹಾ ಕೊಟ್ಟು ಸುಮ್ಮನೆ ಹೋದಳು. ಶುಕ್ರವಾರವೂ ಹಾಗೆಯೇ. ಅವಳು ಸಿಟ್ಟಿನಲ್ಲಿ ಕೂತಿರಲಿಲ್ಲ. ಕೋಣೆಯಲ್ಲಿ ಬೇಸಿನ್ನುಗಳನ್ನು ಒರೆಸಿ, ಒಂದೊಂದನ್ನೂ ತಟ್ಟಿ ನೋಡಿ, ಪಟ್ಟಿ ಮಾಡುತ್ತಿದ್ದಳು. ಅತ್ತೆ ಒಡೆದ ಆರು ಲೋಟಗಳನ್ನು ಮೊಮ್ಮಗಳ ಕೈಲಿ ತರಿಸಿಕೊಂಡು ಕಿಟಕಿಯ ಕಟ್ಟೆಯ ಮೇಲಿಟ್ಟುಕೊಂಡಿದ್ದರು. ಬಿದ್ದ ತೇಪೆಯನ್ನು ಗುಳಿಗೆ ಜೋಡಿಸುವುದು, ತೆಗೆಯುವುದು, ಆ ಗುಳಿಯಲ್ಲಿ ಬಲಗೈಯ ಬೆರಳು ಇಟ್ಟು ನೋಡುವುದು ನಡೆಯಿತು.

“ಅಜ್ಜಿ, ಏನು ನೋಡ್ತಿದ್ದೀಯ?”

“ಹೊಲಿಗೆ. ಎಡಗೈಲಿ ಹಾಕಿದ್ರೂ ಕೆಟ್ಟದಾಗೇನಿಲ್ಲ. ಆದ್ರೆ ಒಳಗಿನ ಬಟ್ಟೆಗೆ ಕೂಡಿಕೊಂಡಿಲ್ಲ. ನೋಡು, ಇದರಲ್ಲಿ ಕೆಳಗಿನ ಗುಳಿ ಹಾಗೇ ಇದೆ. ಏನೂ ಆಗಿಲ್ಲ ಅದಕ್ಕೆ.”

ಶನಿವಾರ ಸೊಸೆ ಚಹಾ ಇಟ್ಟು ತಿರುಗಿದಾಗ ಅತ್ತೆ ಕರೆದರು. “ಇವತ್ತೂ ಕೇಳಲ್ವಾ?”

“ಕೇಳಲ್ಲ ಅಂದಿದ್ದೆನಲ್ಲ.”

“ದಿನಾ ಕೇಳ್ತೀನಿ ಅಂತಾನೂ ಅಂದಿದ್ದೆ. ಮಾತಿಗೊಂದು ನೆಲೆ ಬೇಡ್ವಾ? ಸರಿ, ನಾನೇ ಹೇಳ್ತೀನಿ. ಉಳಿದಿರೋ ಅಷ್ಟೂ ಲೋಟ ತಂದು ಮೇಜಿನ ಮೇಲಿಡು. ನೀರು ತುಂಬಿಸಿ.”

ಹದಿನೆಂಟು ಲೋಟಗಳಿಗೆ ಊಟದ ಮೇಜು ಸಾಲದೆ ಹೋಯಿತು. ಮಗ ಇಸ್ತ್ರಿಯ ಹಲಗೆಯನ್ನೂ ತಂದು ಪಕ್ಕಕ್ಕೆ ಹಾಕಿದ. ಅತ್ತೆ ಬೆನ್ನು ನೆಟ್ಟಗೆ ಮಾಡಿ ಕೂತರು. ಹಿಂದೆ ಗಿರಾಕಿಗಳು ಉಡುಪು ತೊಟ್ಟು ನೋಡುವಾಗ ಅವರು ಹಾಗೇ ಕೂರುತ್ತಿದ್ದರು. ಒಂದನೇ ಸಂಖ್ಯೆಯ ಲೋಟಕ್ಕೆ ಬಲಗೈ ಹಾಕಿದರು. ಹೆಬ್ಬೆರಳು ತನ್ನ ಗುಳಿಗೆ ಇಳಿಯಲೇ ಇಲ್ಲ. ಎತ್ತಿದಾಗ ಲೋಟ ವಾಲಿ ನೀರು ಚೆಲ್ಲಿತು.

“ಇದು ಈಗ ನನಗಾಗಲ್ಲ. ಆ ಕಡೆ ಇಡು.”

ಎರಡನೆಯದೂ ಆಗಲಿಲ್ಲ. ಮೂರನೆಯದು ಆಯಿತು. ಅವರು ಅದನ್ನು ಬಾಯಿಯ ತನಕ ತಂದು ಒಂದು ಗುಟುಕು ಕುಡಿದು ಕೆಳಗಿಟ್ಟರು. “ಈ ಕಡೆ.”

“ಏನಜ್ಜಿ ಇದು, ಪರೀಕ್ಷೆಯಾ?” ಮೊಮ್ಮಗಳು ಕೇಳಿದಳು.

“ಟ್ರಯಲ್. ಅಂಗಡೀಲಿ ಕಳೆದ ವರ್ಷದ ಸಮವಸ್ತ್ರ ತಂದು ತೊಡ್ಸಿ ನೋಡ್ತಿದ್ರು. ಆಗೋದನ್ನ ಮನೆಗೆ ಒಯ್ತಿದ್ರು. ಆಗದೇ ಇರೋದನ್ನ ಬೇರೆಯವರಿಗೆ ಕೊಡಿ ಅಂತ ನಂಗೇ ಕೊಟ್ಟು ಹೋಗ್ತಿದ್ರು. ಚಿಕ್ಕದಾದ ಅಂಗಿ ಕೊಡೋಕೆ ಯಾರಾದ್ರೂ ನಾಚ್ಕೋತಾರಾ?”

ಸೊಸೆ ನೀರು ಒರೆಸುತ್ತ, ಒಂದೊಂದಾಗಿ ಮುಂದಕ್ಕೆ ಸರಿಸುತ್ತ ಹೋದಳು. ಕೈ ಸರಳವಾಗಿ ಸುಧಾರಿಸಿರಲಿಲ್ಲ. ಉಂಗುರ ಬೆರಳು ಬಿಚ್ಚಿಕೊಂಡಿತ್ತು, ಹೆಬ್ಬೆರಳು ಮೊದಲಿಗಿಂತ ಬಿಗಿಯಾಗಿತ್ತು. ನಾಲ್ಕರಿಂದ ಎಂಟು ಒಂದೂ ಆಗಲಿಲ್ಲ. ಒಂಬತ್ತನೆಯದು ಕೈಗೆ ಹೊಲಿದ ಹಾಗೆ ಕೂತಿತು.

“ಈ ಕಡೆ,” ಎಂದರು ಅತ್ತೆ.

“ಅತ್ತೆ, ಅದೊಂದು...” ಸೊಸೆ ಅಷ್ಟು ಹೊತ್ತಿಗೆ ಮೊದಲ ಸಲ ಬಾಯಿ ಬಿಟ್ಟಳು. “ಅದು ಎಲ್ಲಕ್ಕಿಂತ ಚೆನ್ನಾಗಿ ಬಂದಿರೋದು. ಆಮಂತ್ರಣ ಪತ್ರದಲ್ಲಿ ಅದರದೇ ಚಿತ್ರ ಹಾಕಿದ್ದಾರೆ.”

“ಚಿತ್ರ ಇದೆಯಲ್ಲ, ನೋಡ್ಕೊಳ್ಳಲಿ. ನನಗೆ ಚಹಾ ಕುಡಿಯೋಕೆ ಚಿತ್ರ ಸಾಕಾಗುತ್ತಾ?”

“ಅದೊಂದನ್ನ ಕೊಡಿ, ಬೇರೆ ಎರಡು ಇಟ್ಕೊಳ್ಳಿ.”

“ಚೌಕಾಸಿ ಮಾಡ್ತೀಯಾ? ಬೇಡ ಅಂದ್ರೆ ಬೇಡ. ಕೈಗೆ ಆಗೋದು ಹೋಗಲ್ಲ.”

ಗಂಡ ಹೆಂಡತಿಯ ಭುಜ ಮುಟ್ಟಿದ. ಅವಳು ಅವನ ಕೈ ಸರಿಸಿದಳು, ಒಂಬತ್ತನ್ನು ತೆಗೆದು ಮನೆಯ ಸಾಲಿಗಿಟ್ಟಳು. “ಮುಂದಿಂದು ನೋಡಿ ಅತ್ತೆ. ಹತ್ತು.”

ಮುಗಿಯುವಷ್ಟರಲ್ಲಿ ಅತ್ತೆಯ ತೋಳು ಸೋತಿತ್ತು. ಸ್ವಲ್ಪ ಹೊತ್ತು ಬಿಡಿ ಎಂದರೆ ಕೇಳಲಿಲ್ಲ. ಕೊನೆಯ ಎರಡನ್ನು, ಸುಟ್ಟು ಉಳಿದ ಇಪ್ಪತ್ತಮೂರು, ಇಪ್ಪತ್ತನಾಲ್ಕನ್ನು, ಹಿಡಿದು ನೋಡಿಯೇ ಕೈ ಮಡಿಲಿಗಿಟ್ಟುಕೊಂಡರು. ಎರಡೂ ಆದವು. ಲೆಕ್ಕ ಹಾಕಿದಾಗ ಮನೆಗೆ ಏಳು, ಗ್ಯಾಲರಿಗೆ ಹನ್ನೊಂದು.

“ಹೊರಗೆ ಹೋಗೋ ಇವಕ್ಕೆ ತೇಪೆ ಗೀಪೆ ಬೇಡ್ವಾ ಅತ್ತೆ?”

“ಈ ಕೈ ಅಳತೆ ಆಗ ಹಾಗಿತ್ತು. ಅಳತೆ ಪುಸ್ತಕದಲ್ಲಿ ಬರೆದದ್ದನ್ನ ನಾನು ಯಾವತ್ತೂ ತಿದ್ದಿಲ್ಲ. ಗುಬ್ಬೀ, ಆ ಪುಟ ತಗೊಂಡು ಬಾ.”

ಮೊಮ್ಮಗಳು ಮಡಿಸಿ ಮಡಿಸಿ ಸವೆದ ಹಾಳೆ ತಂದಳು.

“ವೃದ್ಧೆ ಅನ್ನೋದನ್ನ ಹೊಡೆದು ಹಾಕು. ನಲವತ್ತೆರಡು ವರ್ಷ ಹೊಲಿಗೆ ಅಂಗಡಿ ನಡೆಸಿದ ಟೈಲರ್ ಅಂತ ಬರಿ. ಶಕ್ತಿಗುಂದಿದ ಅನ್ನೋದೂ ಬೇಡ. ಬಲಗೈ ಅಂದ್ರೆ ಸಾಕು.”

“ಮಣ್ಣಿನ ಜೊತೆ ಮಾತಾಡಿದ್ದು?”

“ಅದು ನಿಮ್ಮಮ್ಮಂದು, ಅವಳನ್ನ ಕೇಳು.”

“ಹೊಡೆದು ಹಾಕು,” ಎಂದಳು ಸೊಸೆ. “ಹತ್ತೊಂಬತ್ತು ವರ್ಷ, ಕಾರ್ಖಾನೆ, ಕಮೋಡು, ಬೇಸಿನ್ನು. ಆರು ವರ್ಷ ಅಚ್ಚು, ಹದಿಮೂರು ತಪಾಸಣೆ. ಅದೇ ಕ್ರಮದಲ್ಲಿ ಬರಿ.”

ಪುಟ ಅರ್ಧಕ್ಕಿಳಿಯಿತು. ಮೊಮ್ಮಗಳಿಗೆ ಅಷ್ಟೇನೂ ಇಷ್ಟವಾಗಲಿಲ್ಲ, ಆದರೂ ಶುದ್ಧ ಪ್ರತಿ ಮಾಡಿದಳು.

ಮುಂದಿನ ಗುರುವಾರ ಗ್ಯಾಲರಿಯ ವ್ಯಾನು ಬಂತು. ಹನ್ನೊಂದು ಲೋಟಗಳನ್ನು ಹೇಗೆ ಸುತ್ತಬೇಕೆಂದು ಅತ್ತೆ ಕುರ್ಚಿಯಿಂದಲೇ ಹೇಳುತ್ತಿದ್ದರು. ಹಿಡಿಕೆಗೆ ಮೊದಲು ಮೆತ್ತನೆಯ ಬಟ್ಟೆ, ಆಮೇಲೆ ಪೇಪರ್, ಗಂಟು ಹಾಕಬೇಡ, ಮಡಿಸಿ ಸಿಕ್ಕಿಸು. ಮಗ ಸುತ್ತಿದ್ದನ್ನು ಎರಡು ಸಲ ಬಿಚ್ಚಿಸಿದರು. ಪೆಟ್ಟಿಗೆಗಳು ವ್ಯಾನಿಗೇರಿ ಅರ್ಧ ಗಂಟೆಯಾಗಿರಲಿಲ್ಲ, ಸೊಸೆಯ ಫೋನು ಬಡಿದುಕೊಂಡಿತು. ಗ್ಯಾಲರಿಯ ಮೇಡಂ. ಪಟ್ಟಿಯಲ್ಲಿ ಹನ್ನೊಂದೇ ಇವೆ, ಇಪ್ಪತ್ತನಾಲ್ಕಕ್ಕೆ ಹಲಗೆ ಮಾಡಿಸಿದ್ದೇವೆ ಎಂದರು.

“ಆರು ಒಡೆದವು ಮೇಡಂ. ಹನ್ನೊಂದು ಕಳಿಸಿದೀನಿ. ನಡುವೆ ಜಾಗ ಖಾಲಿ ಇರಲಿ. ಸಂಖ್ಯೆ ಮಾತ್ರ ಹಾಕಿ.”

ಆ ಕಡೆಯಿಂದ ಏನೋ ಉದ್ದನೆಯ ಪ್ರಶ್ನೆ ಬಂತು. ಸೊಸೆ ಕೇಳುತ್ತ, ಒಂದು ಕೈಯಲ್ಲಿ ಕೆಟಲ್ ಎತ್ತಿ, ಅತ್ತೆಯ ಲೋಟಕ್ಕೆ ಚಹಾ ಹುಯ್ದಳು. ಅತ್ತೆ ಬಲಗೈಯಲ್ಲಿ ಅದನ್ನೆತ್ತಿ, ಊದಿ, ಕುಡಿದು, ಇನ್ನೂ ಸ್ವಲ್ಪ ಹಾಕು ಎಂದು ಮುಂದೆ ಹಿಡಿದರು.

“ಒಂಬತ್ತನೇದಾ? ಇಲ್ಲ ಮೇಡಂ, ಅದು ಬರಲ್ಲ,” ಎಂದಳು ಸೊಸೆ. “ಅದು ಬಳಕೆಯಲ್ಲಿದೆ.”